ಇಮಿರ್ಕೆಗೆ ಹೊರಟ ಕೆಂಡ

ಪದ ಹುಡುಕಿಕೊಂಡು ಮನೆ ಮನೆ ಅಲೆಯುವ ಮನುಷ್ಯನನ್ನು ನಾಪ್ಲಾ ತನ್ನ ಎಂಬತ್ತು ವರ್ಷದಲ್ಲಿ ಕಂಡಿರಲಿಲ್ಲ. ದನ ಕೊಳ್ಳಲು ಬಂದವರನ್ನು ಕಂಡಿದ್ದಳು, ಹಳೇ ಕಬ್ಬಿಣ ಕೇಳಿಕೊಂಡು ಬಂದವರನ್ನು ಕಂಡಿದ್ದಳು, ಓಟು ಕೇಳಲು ಬಂದು ಚಹಾ ಕುಡಿದು ಮಾಯವಾದವರಂತೂ ಸಾಕಷ್ಟು ಜನ. ಆದರೆ ಡಬ್ಲಿನ್ನಿನಿಂದ ಬಂದ ಈ ರಿಸ್ಟಾರ್ಡ್ ಬೇರೆಯೇ ಜಾತಿ. ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಚೀಟಿ, ಒಂದೊಂದು ಚೀಟಿಗೆ ಒಂದೊಂದು ಐರಿಶ್ ಪದ. ರಾಜಧಾನಿಯಲ್ಲಿ ದೊಡ್ಡ ನಿಘಂಟು ಮಾಡುತ್ತಿದ್ದಾರಂತೆ. ಮೂರು ದಿನದಿಂದ ಅವಳ ಮಂಚದ ಪಕ್ಕ ಕೂತು ಕೇಳಿದ್ದನ್ನೇ ಕೇಳುತ್ತಿದ್ದ.

“ಏನಪ್ಪಾ, ಡಬ್ಲಿನ್ನಲ್ಲಿ ಮಾತು ಖಾಲಿಯಾಗೋಯ್ತಾ? ನಮ್ಮನೇಗೆ ಬಂದಿದೀಯ, ಒಂದು ಹಿಡಿ ಕೊಡಿ ಅಂತ?” ಎಂದಳು ನಾಪ್ಲಾ.

“ಅಲ್ಲಿರೋದು ಪುಸ್ತಕದ ಮಾತು ಅಜ್ಜಿ. ಬಾಯಿಮಾತು ನಿಮ್ಮ ಹತ್ರಾನೇ ಇರೋದು.”

ಮುದುಕಿಗೆ ಇದು ಹಿಡಿಸಿತು. ಹೊಗಳಿಕೆಗೆ ಕರಗದ ಹೆಂಗಸು ಎಂದು ಅವಳಿಗೆ ಹೆಸರಿತ್ತು, ಆದರೆ ಹೆಸರು ಬಂದದ್ದು ಹೊಗಳುವವರು ಯಾರೂ ಇಲ್ಲದ ಕಾಲದಲ್ಲಿ. ವರ್ಷದ ಹಿಂದೆ ಸೊಂಟ ಮುರಿದುಕೊಂಡ ಮೇಲೆ ಅವಳು ತನ್ನ ಮಂಚವನ್ನು ಅಡುಗೆಮನೆಗೇ ತರಿಸಿ ಒಲೆಯ ಪಕ್ಕ ಹಾಕಿಸಿಕೊಂಡಿದ್ದಳು. ಆ ಒಲೆ ಕಣ್ಣಿಗೆ ಬೀಳದಿದ್ದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಜೌಗುನೆಲದಲ್ಲಿ ಕಡಿದು ಒಣಗಿಸಿದ, ಸೌದೆಯ ಬದಲು ಬಳಸುವ ಮಣ್ಣಿನ ಹೆಂಟೆಗಳು ಅದರಲ್ಲಿ ಮೂವತ್ತೆರಡು ವರ್ಷದಿಂದ ಆರದೆ ಉರಿದಿದ್ದವು. ದಿನಾ ಮಲಗುವ ಮೊದಲು ಕೆಂಡಕ್ಕೆ ಬೂದಿ ಮುಚ್ಚಿ ಪ್ರಾರ್ಥನೆ ಹೇಳುವುದು, ಬೆಳಗ್ಗೆ ಬೂದಿ ಸರಿಸಿ ಅದೇ ಕೆಂಡಕ್ಕೆ ಹೊಸ ಹೆಂಟೆ ಒಡ್ಡುವುದು. ಆ ಮನೆಯಲ್ಲಿ ಬೆಂಕಿಪೊಟ್ಟಣ ಇದ್ದದ್ದು ದೀಪಕ್ಕೆ ಮಾತ್ರ. ಒಲೆಗೆ ಅದನ್ನು ಸೋಕಿಸಿದವರಿಲ್ಲ.

ರಿಸ್ಟಾರ್ಡ್ ಹೊಸ ಚೀಟಿ ತೆಗೆದ. “ಇವತ್ತಿನ ಪದ ಇಮಿರ್ಕೆ. ಊರು ಬಿಟ್ಟು ಹೋಗೋದು ಅಂತ ಬರ್ಕೊಂಡಿದೀನಿ. ಸರೀನಾ?”

“ಯಾರು ಹೇಳಿದ್ದು ನಿಂಗೆ? ನಮ್ಮಣ್ಣ ಬಾಸ್ಟನ್ನಿಗೆ ಹೋದ. ಒಂದು ಟ್ರಂಕು, ತಲೆ ಮೇಲೆ ಒಂದು ಟೋಪಿ. ಅದಕ್ಕೆ ಯಾರಾದ್ರೂ ಇಮಿರ್ಕೆ ಅಂತಾರಾ? ಅವನು ಹೋದ, ಅಷ್ಟೇ. ಇಮಿರ್ಕೆ ಅಂದ್ರೆ ಮನೆಗೆ ಮನೇನೇ ಎದ್ದು ಹೊರಡೋದು. ಹಸು, ಕರು, ಕೋಳಿ, ಮಂಚ, ಮಡಕೆ, ಮಕ್ಕಳು. ಎಲ್ಲಾ ಆದ್ಮೇಲೆ ಒಲೆಯ ಕೆಂಡ. ಕೆಂಡ ಹೊರಟ ಮೇಲೆ ಹಿಂದೆ ಉಳಿಯೋದು ಗೋಡೆ ಕಣಪ್ಪಾ, ಮನೆ ಅಲ್ಲ.”

ರಿಸ್ಟಾರ್ಡನ ಪೆನ್ನು ಓಡಿತು. “ಹೆಣ್ಣುಪದಾನಾ, ಗಂಡುಪದಾನಾ?”

“ಗಂಡಸು ಹೊರಡೋವಾಗ ಟೋಪಿ ಹಾಕ್ಕೊಂಡು ಹೊರಡ್ತಾನೆ. ಈ ಮಡಕೆ ಕುಡಿಕೆ ಎಲ್ಲಾ ಹೊರೋರ್ಯಾರು? ಹೆಣ್ಣುಪದ ಅಂತ ಕಣ್ಮುಚ್ಕೊಂಡು ಬರಿ.”

“ಪುಸ್ತಕದಲ್ಲೂ ಹೆಣ್ಣೇ ಅಂತಿದೆ,” ಅವನಿಗೆ ನಗು ಬಂತು. “ಮತ್ತೆ, ಐರಿಶಲ್ಲಿ ನಾವು ಹಸಿವು ನನ್ನ ಮೇಲಿದೆ, ದುಃಖ ನನ್ನ ಮೇಲಿದೆ ಅಂತೀವಲ್ಲ. ಹಾಗೇ ಇಮಿರ್ಕೆ ನನ್ನ ಮೇಲಿದೆ ಅನ್ಬಹುದಾ?”

“ಉಹೂಂ. ಹಸಿವು ದುಃಖ ಬಂದು ನಮ್ಮ ಮೇಲೆ ಕೂತ್ಕೊಳ್ಳುತ್ವೆ. ಇಮಿರ್ಕೆ ಮೇಲೆ ನಾವು ಕೂತ್ಕೋತೀವಿ, ಗಾಡಿ ಮೇಲೆ ಕೂತ ಹಾಗೆ. ಅದು ಎಲ್ಲಿಗೆ ಕರ್ಕೊಂಡು ಹೋಗುತ್ತೋ ಅಲ್ಲಿಗೆ.” ಮುದುಕಿ ತಲೆದಿಂಬಿನಿಂದ ಕತ್ತೆತ್ತಿದಳು. “ವಾಕ್ಯ ಬೇಕಲ್ಲ ನಿಂಗೆ? ತಗೋ. ನಾವು ಇಮಿರ್ಕೆ ಮೇಲೆ ಬಂದ್ವಿ, ನಮ್ಮ ಕೆಂಡ ನಾವೇ ತಂದ್ವಿ. ತಂದವಳು ಯಾರು ಗೊತ್ತಾ? ಅಲ್ಲಿ ಹಿಟ್ಟು ನಾದ್ತಿದಾಳಲ್ಲ, ಅವಳು. ಹದಿನಾಲ್ಕು ವರ್ಷದ ಕೂಸು ಆಗ. ಕಾನಮಾರದ ಕಡಲ ತಡಿಯಿಂದ ಈ ಮೀಥ್ ಬಯಲಿನವರೆಗೆ, ಇಡೀ ದಿನ ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ತಂದ್ಲು. ಬೇರೆ ಮನೆಯವರ ಮಡಕೆ ಎಲ್ಲಾ ದಾರೀಲೇ ತಣ್ಣಗಾದ್ವು. ಇಲ್ಲಿರೋ ಹನ್ನೊಂದು ಒಲೇನೂ ಇವಳು ತಂದ ಕೆಂಡದಿಂದ ಹಚ್ಚಿದ್ದು.”

ಮಗಳು ಬಾಬೀನಳ ಕೈ ಹಿಟ್ಟಿನಲ್ಲೇ ನಿಂತಿತು. ಈ ಕಥೆಯನ್ನು ಅವಳು ನೂರಾರು ಸಲ ಕೇಳಿದ್ದಳು. ಪ್ರತಿ ಸಲವೂ ಅವಳು ಕೈಗೆ ಸಿಕ್ಕ ಕೆಲಸವನ್ನು ಎರಡು ಪಟ್ಟು ಜೋರಾಗಿ ಮಾಡುತ್ತಿದ್ದಳು. ಆದರೆ ಈ ಸಲ ಅದು ಮಸಿಯಲ್ಲಿ ಚೀಟಿಯ ಮೇಲೆ ಕೂತಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ರಿಸ್ಟಾರ್ಡ್ ಮರುದಿನ ಬೆಳಗ್ಗೆ ಕಾನಮಾರಕ್ಕೇ ಹೊರಟಿದ್ದಾನೆ ಎಂದು ಗೊತ್ತಾಗಿದ್ದೇ ತಡ, ನಾಪ್ಲಾ ದಿಂಬಿನ ಕೆಳಗಿನಿಂದ ಕಾಗದ ಎಳೆದಳು. ಅವಳ ತಂಗಿಯ ಮಗ ಬಾರ್ಟ್ಲಿ ಬರೆದದ್ದು. ಇವರು ಬಿಟ್ಟು ಬಂದ ಹಳೇ ಮನೆಯ ಗೋಡೆಗೆ ಅವನು ಹೊಸ ಸೂರು ಹಾಕಿಸಿದ್ದ. ಬರುವ ವಾರ ಹೆಂಡತಿಯ ಜೊತೆ ಅಲ್ಲಿಗೆ ಹೋಗುತ್ತಾನೆ. ದೊಡ್ಡಮ್ಮಾ, ಆ ಒಲೆಯ ಬೆಂಕಿ ನಿಮ್ಮ ಹತ್ತಿರ ಇದೆ, ಯಾರಾದರೂ ಈ ಕಡೆ ಬಂದರೆ ಒಂದಿಷ್ಟು ಕಳಿಸಿಕೊಡಿ, ಎಂದು ಬರೆದಿದ್ದ.

“ಮಗಾ, ನಿನ್ನ ಕಾರಲ್ಲಿ ಇವಳನ್ನೂ ಕೆಂಡಾನೂ ಕರ್ಕೊಂಡು ಹೋಗ್ತೀಯಾ?”

ರಿಸ್ಟಾರ್ಡ್ ತನ್ನ ಕಾಗದದ ಪೆಟ್ಟಿಗೆಯನ್ನೊಮ್ಮೆ ನೋಡಿಕೊಂಡ. ಬೆಂಕಿಯನ್ನೂ ಮೂರು ಸಾವಿರ ಚೀಟಿಯನ್ನೂ ಒಂದೇ ಕಾರಿನಲ್ಲಿ ಒಯ್ಯುವುದು ಬುದ್ಧಿವಂತರ ಕೆಲಸವಲ್ಲ. ಆದರೂ ಆಗಲಿ ಎಂದ. ನಾಪ್ಲಾ ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. “ತಂದವಳೇ ವಾಪಸ್ ಒಯ್ಯೋದು, ಅದೇ ಸರಿ. ನನ್ನ ಅಜ್ಜಿ ಮೇಲಿಂದ ಅದನ್ನು ನೋಡ್ತಾಳೆ,” ಎಂದಳು. ಅವಳ ಮುಖ ಹೊಸ ಮದುವಣಗಿತ್ತಿಯ ಹಾಗೆ ಕೆಂಪಾಗಿತ್ತು. ಆ ಮುಖವನ್ನು ನೋಡಲಾರದೆ ಬಾಬೀನ್ ಬಕೆಟ್ ತೆಗೆದುಕೊಂಡು ಹಾಲು ಕರೆಯಲು ಹೊರಟುಬಿಟ್ಟಳು.

ಹಸುವಿನ ಹೊಟ್ಟೆಗೆ ಹಣೆ ಆನಿಸಿ ಕೂತಾಗ ಅವಳಿಗೆ ಕಡಲು ನೆನಪಾಯಿತು. ಯಾವಾಗಲೂ ಹೀಗೇ, ಹಾಲು ಕರೆಯುವಾಗಲೇ. ಇಳಿತದ ಹೊತ್ತಿಗೆ ಬರಿಗಾಲಲ್ಲಿ ಬಂಡೆ ಹತ್ತಿ ಪಾಚಿ ಕೀಳುತ್ತಿದ್ದದ್ದು, ಬುಟ್ಟಿಯ ನೀರು ಬೆನ್ನಿಗೆ ಇಳಿದು ಉಪ್ಪು ಹೆಪ್ಪುಗಟ್ಟುತ್ತಿದ್ದದ್ದು, ಮಲಗಿದರೂ ಕಿವಿಯಲ್ಲಿ ಅಲೆ. ನೆಲವೆಂಬುದು ಅಲ್ಲಿ ಎಲ್ಲಿತ್ತು? ಕಲ್ಲಿನ ಮೇಲೆ ಪಾಚಿ ಮರಳು ಹೊತ್ತು ಹಾಕಿ ಅಂಗೈಯಗಲ ಆಲೂಗಡ್ಡೆ ಬೆಳೆಯುತ್ತಿದ್ದರು. ಮೂವತ್ತೈದನೇ ಇಸವಿಯಲ್ಲಿ ಸರಕಾರ ಆ ಕಲ್ಲಿಗೆ ಬದಲಾಗಿ ಈ ಬಯಲಿನಲ್ಲಿ ಕಪ್ಪು ಮಣ್ಣಿನ ಹೊಲ, ಹೆಂಚಿನ ಮನೆ ಕೊಡುತ್ತೇವೆಂದಾಗ ದೊಡ್ಡವರೆಲ್ಲ ಕುಣಿದಾಡಿದರು. ಹುಡುಗಿಯ ಮಾತು ಯಾರಿಗೆ ಬೇಕಿತ್ತು? ಅವಳಿಗೆ ಬೇಕಾಗಿದ್ದದ್ದು ಕಲ್ಲೇ.

ಹೊರಡುವ ಬೆಳಗ್ಗೆ ಅಪ್ಪ ಹಸುಗಳ ಜೊತೆ ಲಾರಿಯಲ್ಲಿ ಮುಂದೆ ಹೋದ. ಅವ್ವ ಕಬ್ಬಿಣದ ಮಡಕೆಗೆ ಕೆಂಡ ತುಂಬಿ, ಬೂದಿ ಮುಚ್ಚಿ, ಅವಳ ತೊಡೆಯ ಮೇಲಿಟ್ಟು ಹೇಳಿದ್ದಳು: “ಇದು ನನ್ನ ಅಜ್ಜಿಯ ಅಜ್ಜಿ ಕಾಲದ್ದು. ಇದೇನಾದ್ರೂ ಆರಿತೋ, ನಾನು ಆ ಹೊಸ ಮನೆ ಹೊಸಿಲು ತುಳಿಯೋದಿಲ್ಲ, ನೋಡ್ಕೋ.”

ದೊಡ್ಡವರು ಮಾತಿಗೆ ಏನೇನೋ ಹೇಳುತ್ತಾರೆ. ಹದಿನಾಲ್ಕು ವರ್ಷದವಳು ಅದನ್ನು ಅಕ್ಷರಕ್ಕೆ ಅಕ್ಷರ ನಂಬಿದಳು. ಕೆಂಡ ಆರಿದರೆ ಅವ್ವ ಒಳಗೆ ಹೋಗುವುದಿಲ್ಲ, ಒಳಗೆ ಹೋಗದಿದ್ದರೆ ವಾಪಸ್ ಊರು. ಎಷ್ಟು ಸುಲಭ! ಶ್ಯಾನನ್ ಹೊಳೆ ದಾಟಿದ ಮೇಲೆ ಬಸ್ಸು ಎಲ್ಲೋ ನಿಂತಾಗ, ಹೆಂಗಸರೆಲ್ಲ ಕಾಲು ಸಡಿಲಿಸಲು ಇಳಿದಾಗ, ಅವಳು ಬೇಲಿಯ ಹಿಂದೆ ಹೋಗಿ ಕೆಂಡವನ್ನು ನೀರಿನ ಕಾಲುವೆಗೆ ಸುರಿದಳು. ಚುಯ್ ಎಂದಿತು, ಅಷ್ಟೇ. ಬರೀ ಬೂದಿಯ ಮಡಕೆಯನ್ನು ತಬ್ಬಿಕೊಂಡು ಉಳಿದ ದಾರಿಯೆಲ್ಲ ಅವಳು ಮನಸ್ಸಿನಲ್ಲೇ ನಕ್ಕಳು.

ಬಯಲಿಗೆ ಬಂದು ಇಳಿದಾಗ ಅವ್ವ ಮೊದಲೇ ಇಳಿದು ಹೋಗಿ, ಹೊಸ ಬಾಗಿಲ ಮುಂದೆ ಶುಭಕ್ಕೆಂದು ಒಂದು ಕೈಯಲ್ಲಿ ಉಪ್ಪು ಹಿಡಿದು ನಿಂತಿದ್ದಳು. ಹೊಸಿಲು ದಾಟಿರಲಿಲ್ಲ, ಕೆಂಡಕ್ಕೆ ಕಾಯುತ್ತಿದ್ದಳು. ಅವಳ ಹಿಂದೆ ಉಳಿದ ಮನೆಗಳ ಹೆಂಗಸರು ತಣ್ಣಗಾದ ತಮ್ಮ ಮಡಕೆ ಹಿಡಿದು ನಿಂತಿದ್ದರು. ಅವರಲ್ಲೊಬ್ಬಳು ಯಾರಿಗೋ ಹೇಳುತ್ತಿದ್ದಳು: “ಇಷ್ಟೊತ್ತಿಗೆ ನಮ್ಮ ಹಳೇ ಮನೆ ಸೂರೆಲ್ಲ ಕಿತ್ತಿರ್ತಾರೆ. ಜಮೀನೂ ಪಕ್ಕದವರಿಗೆ ಹಂಚಿ ಆಗಿದೆ.” ವಾಪಸ್ ಹೋಗಲು ಊರೇ ಇಲ್ಲ. ಇಲ್ಲಿ ಒಳಗೆ ಹೋಗಲು ಬೆಂಕಿಯಿಲ್ಲ. ಎರಡೂ ತನ್ನಿಂದಲೇ ಎಂಬ ಹಾಗೆ ಅವಳು ಹೆದರಿದಳು.

ಮಡಕೆ ಹಿಡಿದು ಮನೆಯ ಹಿಂದಕ್ಕೆ ಓಡಿದಳು. ಅಲ್ಲೊಬ್ಬ ಬಡಗಿ, ಈ ಊರಿನವನು, ಇಪ್ಪತ್ತರ ಹುಡುಗ, ಕಿಟಕಿಯ ಕೊನೇ ಕೆಲಸ ಮುಗಿಸುತ್ತ ಮೂರು ಕಲ್ಲು ಹೂಡಿ ಮರಕ್ಕೆ ಹಚ್ಚುವ ಅಂಟು ಕಾಯಿಸುತ್ತಿದ್ದ. ಅವಳಿಗೆ ಇಂಗ್ಲಿಷ್ ಬಾರದು, ಅವನಿಗೆ ಐರಿಶ್ ಬಾರದು. ಅವಳು ಮಡಕೆ ಓರೆ ಮಾಡಿ ಬೂದಿ ತೋರಿಸಿದಳು. ಅವನು ಮೊದಲು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿ, ಅಂಟಿನ ಡಬ್ಬ ಕೆಳಗಿಳಿಸಿ, ಉರಿಯುವ ಕೆಂಡವನ್ನೆಲ್ಲ ಉಳಿಯಿಂದ ಮಡಕೆಗೆ ತಳ್ಳಿದ. ತುಟಿಯ ಮೇಲೆ ಬೆರಳಿಟ್ಟ. ಅವನೇ ಜೆಮ್ ಫ್ಯಾರೆಲಿ, ಎರಡು ಹೊಲದಾಚೆಯ ಮನೆಯವನು.

ಎಂಟು ವರ್ಷ ಕಳೆದ ಮೇಲೆ ಒಂದು ಭಾನುವಾರ ಅದೇ ಜೆಮ್ ಇಸ್ತ್ರಿ ಮಾಡಿದ ಕೋಟು ತೊಟ್ಟು, ಬಾಬೀನ್ ಕಲಿಸಿಕೊಟ್ಟ ನಾಲ್ಕು ಐರಿಶ್ ವಾಕ್ಯ ಬಾಯಿಪಾಠ ಮಾಡಿಕೊಂಡು, ಈ ಅಡುಗೆಮನೆಯಲ್ಲಿ ನಿಂತು ಅವಳನ್ನು ಮದುವೆ ಮಾಡಿಕೊಡಿ ಎಂದು ಕೇಳಿದ. ಬಂದ ಹೊಸತರಲ್ಲಿ ಊರಿನ ಕೆಲವರು ಇವರನ್ನು ಕಂಡು ಮುಖ ಸಿಂಡರಿಸಿದ್ದುಂಟು. ನಾಪ್ಲಾ ಅದನ್ನು ಮರೆಯುವ ಪೈಕಿಯಲ್ಲ.

“ನಾವು ಬಂದ ದಿನ ನಿಮ್ಮ ಊರಿನವರು ಒಬ್ಬರಾದ್ರೂ ಒಂದು ಕೆಂಡ ತಂದು ಕೊಟ್ರಾ?” ಎಂದಳು ಅವಳು. “ಕೆಂಡ ಕೊಡದವರಿಗೆ ಹೆಣ್ಣು ಕೊಡೋದಾ? ಹೋಗಪ್ಪಾ, ಹೋಗು.”

ಜೆಮ್‌ಗೆ ಅಷ್ಟು ಐರಿಶ್ ಅರ್ಥವಾಗುತ್ತಿತ್ತು. ಅವನು ಬಾಬೀನಳ ಕಡೆ ನೋಡಿದ, ಅವಳು ಬಾಯಿ ಬಿಡಲಿ ಎಂದು ಕಾದ. ಅವಳು ನೆಲ ನೋಡಿದಳು. ಅವ್ವನ ಬೆನ್ನ ಹಿಂದೆ ಒಲೆ ಉರಿಯುತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಒಂದು ಮಾತಿಗೆ ಅವ್ವನ ಬೆಂಕಿಯೂ ಹೋಗುತ್ತಿತ್ತು, ಹನ್ನೊಂದು ಮನೆಯ ಹೆಮ್ಮೆಯೂ ಹೋಗುತ್ತಿತ್ತು. ಅವಳು ಹೇಳಲಿಲ್ಲ. ತಿಂಗಳೊಳಗೆ ಜೆಮ್ ಹತಾರದ ಪೆಟ್ಟಿಗೆ ಹೊತ್ತು ಇಂಗ್ಲೆಂಡಿನ ಕೊವೆಂಟ್ರಿಗೆ ಹೋದ. ಮದುವೆಯಾಗಲಿಲ್ಲ. ಎರಡು ಚಳಿಗಾಲದ ಹಿಂದೆ ಕಟ್ಟಡದ ಅಟ್ಟಣಿಗೆಯಿಂದ ಬಿದ್ದು ಸತ್ತ, ಅಲ್ಲೇ ಮಣ್ಣು ಮಾಡಿದರು. ಈ ಸುದ್ದಿ ಬಂದ ದಿನ ಫ್ಯಾರೆಲಿ ಮನೆಗೆ ಊರೆಲ್ಲ ಹೋಯಿತು. ಬಾಬೀನ್ ಬೇಲಿಯ ಈಚೆ ನಿಂತು ಕಳೆ ಕೀಳುತ್ತಿದ್ದಳು, ಕೀಳಲು ಅಲ್ಲಿ ಕಳೆಯೇ ಇರಲಿಲ್ಲ.

ಬೆಳಗಾಯಿತು. ಹೊರಗೆ ರಿಸ್ಟಾರ್ಡ್ ಕಾರಿನ ಹಿಂಬದಿಗೆ ಪೆಟ್ಟಿಗೆ ಜೋಡಿಸುತ್ತಿದ್ದ. ನಾಪ್ಲಾ ಮಂಚದ ಮೇಲೆ ದಿಂಬಿಗೊರಗಿ ಕೂತು, ಅದೇ ಕಬ್ಬಿಣದ ಮಡಕೆಯನ್ನು ಮಗಳ ಕಡೆ ಚಾಚಿದಳು.

“ತುಂಬು ಮಗಳೇ. ತಳಕ್ಕೆ ಬೂದಿ, ನಡುವೆ ಕೆಂಡ, ಮೇಲೆ ಬೂದಿ. ಮರ್ತಿಲ್ಲ ತಾನೇ?”

ಬಾಬೀನ್ ಮಡಕೆ ತೆಗೆದುಕೊಂಡಳು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವ್ವನಿಗೆ ಸುಳ್ಳು ಹೇಳಿದ್ದಾಗಿತ್ತು, ಊರಿಗೆ ಹೇಳಿದ್ದಾಗಿತ್ತು. ಅಜ್ಜಿಯ ಒಲೆಗೂ ಹೋಗಿ ಸುಳ್ಳು ಹಚ್ಚಿ ಬರುವುದು ಅವಳಿಂದ ಆಗಲಿಲ್ಲ.

“ಅವ್ವ, ಇದು ನಮ್ಮ ಬೆಂಕಿ ಅಲ್ಲ.”

“ಏನಂದೆ?”

ಅವಳು ಹೇಳಿದಳು. ಕಾಲುವೆ, ಬೂದಿ, ಅಂಟಿನ ಡಬ್ಬ, ಎಲ್ಲ. ಒಲೆಯ ಕಡೆ ಮುಖ ಮಾಡಿಯೇ ಹೇಳಿದಳು, ತಿರುಗುವ ಧೈರ್ಯ ಇರಲಿಲ್ಲ.

“ಮೂವತ್ತೆರಡು ವರ್ಷ!” ಎಂದಳು ನಾಪ್ಲಾ. “ಯಾರದೋ ಬೆಂಕಿಗೆ ನನ್ನ ಬಾಯಲ್ಲಿ ಪ್ರಾರ್ಥನೆ ಹೇಳಿಸಿದೆಯಲ್ಲೇ! ನಮ್ಮ ಅಜ್ಜೀನ ಕಾಲುವೆಗೆ ಸುರಿದು ಬಂದು ನನ್ನ ಮುಂದೆ ಹಿಟ್ಟು ನಾದ್ಕೊಂಡು ಕೂತಿದ್ದೆಯಲ್ಲೇ!” ಮುದುಕಿ ಗೋಡೆಯ ಕಡೆ ಹೊರಳಿದಳು. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು. ಗೋಡೆಯ ಕಡೆಯಿಂದಲೇ ಮಾತು ಬಂತು. “ಕೊಟ್ಟವನು ಯಾರು?”

“ಜೆಮ್ ಫ್ಯಾರೆಲಿ.”

ನಾಪ್ಲಾ ಮೆಲ್ಲಗೆ ಈ ಕಡೆ ಹೊರಳಿದಳು.

“ಹಾಗಾದ್ರೆ ಆ ಭಾನುವಾರ ನಾನು ಅವನಿಗೆ ಹಾಗಂದಾಗ...”

“ಹೂಂ, ಅವ್ವ.”

“ಅವನು ಬಾಯಿ ಬಿಡಲಿಲ್ಲ.”

“ನಾನು ಹೇಳ್ಲಿ ಅಂತ ಕಾದ.”

“ನೀನ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿನ್ನ ಬೆಂಕಿ ಹೋಗ್ಬಿಡ್ತಿತ್ತು.”

“ಅಯ್ಯೋ ಹುಚ್ಚಿ,” ಎಂದಳು ನಾಪ್ಲಾ. “ಅಯ್ಯೋ ನನ್ನ ಹುಚ್ಚು ಕೂಸೇ.” ಅವಳ ಗಲ್ಲದ ಮೇಲೆ ನೀರಿಳಿಯಿತು, ಒರೆಸಿಕೊಳ್ಳಲಿಲ್ಲ. ಮಗಳ ತಲೆಯಲ್ಲಿ ಬಿಳಿಕೂದಲು ಎಷ್ಟಿದೆ ಎಂದು ಅವತ್ತೇ ಕಂಡವಳ ಹಾಗೆ ನೋಡುತ್ತ ಕೂತಳು. ಆಮೇಲೆ ಕಂಬಳಿ ಸರಿಸಿದಳು. “ಎತ್ತು ನನ್ನ.”

“ಎಲ್ಲಿಗವ್ವ? ಡಾಕ್ಟರು ಏಳಬೇಡಿ ಅಂದಿದ್ದಾರೆ.”

“ಡಾಕ್ಟರಿಗೇನು ಗೊತ್ತು. ಅವರ ಮನೆ ಬೆಂಕಿ ಇದು. ಅವರನ್ನ ಕೇಳದೆ ಶ್ಯಾನನ್ ದಾಟಿಸೋಕೆ ನಾನೇನು ಕಳ್ಳೀನಾ?”

ರಿಸ್ಟಾರ್ಡ್ ಮತ್ತು ಬಾಬೀನ್ ಇಬ್ಬರೂ ಸೇರಿ ಅವಳನ್ನು ಹೊತ್ತು ಕಾರಿನಲ್ಲಿ ಕೂರಿಸಿದರು. ಕೂತವಳೇ ಅವಳು ಅವನ ತೋಳು ಹಿಡಿದಳು. “ಮಗಾ, ನಿನ್ನೆ ಬರ್ಕೊಂಡ ಚೀಟಿ ಹರಿದು ಹಾಕು.”

“ಯಾಕಜ್ಜಿ, ಪದ ತಪ್ಪಾ?”

“ಪದ ಸರಿಯಾಗೇ ಇದೆ. ವಾಕ್ಯ ಸುಳ್ಳು.”

ಫ್ಯಾರೆಲಿ ಮನೆ ಇದ್ದದ್ದು ಎರಡು ಹೊಲದಾಚೆ. ಅಷ್ಟು ದೂರ ಹೋಗಲು ನಾಪ್ಲಾಳಿಗೆ ಮೂವತ್ತೆರಡು ವರ್ಷ ಹಿಡಿಯಿತು. ಬಾಗಿಲು ತೆರೆದದ್ದು ಜೆಮ್‌ನ ತಾಯಿ ರೋಸ್, ಇವಳದೇ ವಯಸ್ಸು. ಚರ್ಚಿನಲ್ಲಿ ಇಬ್ಬರೂ ಇಷ್ಟು ವರ್ಷ ಬೆನ್ನಿಗೆ ಬೆನ್ನು ಹಾಕಿ ಕೂತವರು. ಎರಡು ಕಡೆ ಹಿಡಿಸಿಕೊಂಡು ನಿಂತ ನಾಪ್ಲಾಳನ್ನು ನೋಡಿ ರೋಸ್ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಕೇಳು ಅವರನ್ನ,” ಎಂದಳು ನಾಪ್ಲಾ ಮಗಳಿಗೆ. ಮುದುಕಿ ಈ ಬಯಲಿನಲ್ಲಿ ಇಂಗ್ಲಿಷ್ ಕಲಿಯುವುದಿಲ್ಲ ಎಂದು ಹಟ ಹಿಡಿದವಳು. “ನಾವು ಬಂದ ದಿನ ಅವರ ಮಗ ಕೊಟ್ಟ ಕೆಂಡ ನಮ್ಮ ಒಲೇಲಿ ಇವತ್ತಿಗೂ ಆರಿಲ್ಲ. ಅದರಲ್ಲಿ ಒಂದು ಪಾಲು ನಮ್ಮ ಹಳೇ ಮನೆಗೆ ಕಳಿಸ್ಬೇಕು. ಬೆಂಕಿ ಅವರದ್ದು, ಅವರು ಹೂಂ ಅನ್ಬೇಕು.”

ಬಾಬೀನ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ರೋಸ್‌ಗೆ ಈ ಸಂಗತಿ ಗೊತ್ತೇ ಇರಲಿಲ್ಲ. ತುಟಿಯ ಮೇಲೆ ಬೆರಳಿಟ್ಟ ಹುಡುಗ ಹೆತ್ತ ತಾಯಿಗೂ ಹೇಳಿರಲಿಲ್ಲ.

“ಜೆಮ್ ಕೊಟ್ಟಿದ್ದಾ?” ಎಂದಳು ಅವಳು. “ಇಂಗ್ಲೆಂಡಿಂದ ಅವನದು ಅಂತ ಏನೂ ಬರ್ಲಿಲ್ಲ. ಹತಾರದ ಪೆಟ್ಟಿಗೇನೂ ಬರ್ಲಿಲ್ಲ.” ಆಮೇಲೆ ಸಣ್ಣ ದನಿಯಲ್ಲಿ, “ಇನ್ನೂ ಉರೀತಿದೆಯಾ?”

“ಇನ್ನೂ ಉರೀತಿದೆ.”

“ತಗೊಂಡು ಹೋಗಿ. ಎಷ್ಟು ಬೇಕೋ ಅಷ್ಟು ತಗೊಂಡು ಹೋಗಿ.”

ನಾಪ್ಲಾ ಮಗಳ ಭುಜ ಅದುಮಿದಳು. “ಇನ್ನೊಂದು ಮಾತಿದೆ. ಇವಳು ಈ ಮನೆ ಸೊಸೆ ಆಗ್ಬೇಕಿತ್ತು, ನಾನೇ ಬಿಡ್ಲಿಲ್ಲ ಅಂತ ಹೇಳು.”

“ಅವ್ವ, ಬೇಡ.”

“ಹೇಳು. ಒಂದಕ್ಷರ ಬಿಡ್ದೆ ಹೇಳು.”

ಇಪ್ಪತ್ತನಾಲ್ಕು ವರ್ಷ ಆ ಮಾತನ್ನು ಬಾಬೀನ್ ಹಸುವಿನ ಹೊಟ್ಟೆಗೆ ಕೂಡ ಹೇಳಿರಲಿಲ್ಲ. ಈಗ ರೋಸಳ ಮುಖ ನೋಡಿಕೊಂಡು ಹೇಳಿದಳು: “ನಾನು ಈ ಮನೆ ಸೊಸೆ ಆಗ್ಬೇಕಿತ್ತು. ಅವತ್ತು ನಾನೇ ಬಾಯಿ ಬಿಡ್ಲಿಲ್ಲ.”

ನಾಪ್ಲಾಳಿಗೆ ಇಂಗ್ಲಿಷ್ ತಿಳಿಯದು, ತನ್ನ ಮಾತೇ ಅವರಿಗೆ ತಲುಪಿತೆಂದುಕೊಂಡು ತಲೆಯಾಡಿಸಿದಳು. ಎರಡೂ ಭಾಷೆ ಬಲ್ಲ, ತಪ್ಪು ಹಿಡಿಯಬಹುದಾಗಿದ್ದ ರಿಸ್ಟಾರ್ಡ್ ತನ್ನ ಷೂ ನೋಡಿಕೊಂಡ. ರೋಸ್ ಬಾಗಿಲ ಹಿಡಿ ಬಿಟ್ಟಳು. ಬಾಬೀನಳ ಎರಡೂ ಕೈ ಹಿಡಿದುಕೊಂಡು, ಅಂಗೈ ಮೇಲೆ ಮಾಡಿ, ಅಲ್ಲಿ ಏನನ್ನೋ ಹುಡುಕುವವಳಂತೆ ನೋಡುತ್ತ ನಾಲ್ಕು ಮಾತಾಡಿದಳು. ಬಾಬೀನ್ ಅಳುತ್ತಿದ್ದಳು.

“ಏನಂತೆ?” ನಾಪ್ಲಾ ಚಡಪಡಿಸಿದಳು. “ಬೈದ್ರಾ? ಬೈದ್ರೆ ಬೈಲಿ, ಏನಂದ್ರು ಹೇಳೇ.”

“ಅವರ ಒಲೆ ಹಚ್ಚಿ ಎರಡು ವರ್ಷ ಆಯ್ತಂತೆ. ಒಂದು ಕೆಂಡ ಕೊಡ್ತೀರಾ ಅಂತ ಕೇಳ್ತಿದಾರೆ, ಅವ್ವ.”

“ಮತ್ತೆ ನಿಂತ್ಕೊಂಡು ಏನ್ ನೋಡ್ತಿದೀಯ?” ಎಂದಳು ನಾಪ್ಲಾ. “ಓಡು.”